ಜಾಮೀನು ಸಹಿಗೆ ನನ್ನ ಸಂಬಳ ಹಿಡಿದರು, ಈಗ ಅಮ್ಮನ ಪಿಂಚಣಿಯೂ ಹೋಲ್ಡ್. ಎಷ್ಟು ಹಿಡಿಯಬಹುದು?

ನೀರ್ಚಾಲು ಟೀಚರ್ · ಶನಿವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದುತ್ತಾ ಮಾತ್ರ ಇದ್ದೆ. ಇವತ್ತು ಬರೆಯುವ ಹಾಗಾಯಿತು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅನುದಾನಿತ ಶಾಲೆಯಲ್ಲಿ ಟೀಚರ್. ಕನ್ನಡ ಮೀಡಿಯಂ. ನಾಲ್ಕು ವರ್ಷದ ಹಿಂದೆ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಒಂದು ಚಿಟ್ಟಿ (ಚೀಟಿ ಹಣ) ಎತ್ತಿದರು. 5 ಲಕ್ಷದ್ದು, ತಿಂಗಳಿಗೆ 10,000, ಒಟ್ಟು 50 ಕಂತು. ಹಣ ಕೈಗೆ ಸಿಗಬೇಕಾದರೆ ಸಂಬಳ ಇರುವವರ ಜಾಮೀನು ಬೇಕಂತೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಕಾಗದ ತಂದರು. ಸಂಬಳ ಸರ್ಟಿಫಿಕೇಟಿನ ಜೊತೆಗಿದ್ದ ಫಾರಂಗೆ ಸಹಿ ಹಾಕಿದೆ. ನಮ್ಮ ಹಿರಿಯ ಮಾಷ್ಟ್ರೊಬ್ಬರು ಕೂಡ ಹಾಕಿದರು. ನಾನು ಓದಿ ನೋಡಲಿಲ್ಲ. ಅದು ನನ್ನದೇ ತಪ್ಪು, ಬೈಯುವವರು ಬೈಯಬಹುದು.

22 ಕಂತು ಕಟ್ಟಿದ ಮೇಲೆ ಆ ಟೀಚರಿಂದ ಆಗಲಿಲ್ಲ. ಗಂಡನ ವ್ಯಾಪಾರ ಮುಳುಗಿತು. ಅವರು ಸಂಬಳವಿಲ್ಲದ ರಜೆ ಹಾಕಿ ಊರು ಬಿಟ್ಟರು. ಜಾಮೀನು ಹಾಕಿದ ಮಾಷ್ಟ್ರು ರಿಟೈರ್ಡ್ ಆದರು. ಉಳಿದದ್ದು ನಾನೊಬ್ಬಳು. ಈಗ ಮೂರು ತಿಂಗಳಿಂದ ನನ್ನ ಸಂಬಳದಲ್ಲಿ 12,000 ಹಿಡಿಯುತ್ತಾ ಇದ್ದಾರೆ.

ನನ್ನ ಒಟ್ಟು ಸಂಬಳ 55,000. ಪಿಎಫ್, ಇನ್ಶೂರೆನ್ಸ್ ಎಲ್ಲ ಸೇರಿ 5,000 ಹೋಗುತ್ತದೆ. ಮನೆ ಸಾಲ 16,500. ಈ 12,000 ಹೋದ ಮೇಲೆ ಕೈಗೆ 21,500. ಇಬ್ಬರು ಮಕ್ಕಳು ಓದುತ್ತಾ ಇದ್ದಾರೆ.

ಇದರ ಮೇಲೆ ಇನ್ನೊಂದು. ಅಮ್ಮನಿಗೆ ಸರಕಾರದ ವೃದ್ಧಾಪ್ಯ ಪಿಂಚಣಿ ಬರುತ್ತದೆ. ಮೊದಲು 1,600 ಇತ್ತು, ಈಗ 2,000. ಮೊನ್ನೆ ಬ್ಯಾಂಕಿಗೆ ಹೋದರೆ ಅವರ ಖಾತೆಯಲ್ಲಿದ್ದ 6,400 ರೂಪಾಯಿ ತೆಗೆಯಲು ಬಿಡಲಿಲ್ಲ. ತಮ್ಮನ ಗೂಡ್ಸ್ ಆಟೋ ಸಾಲ ಬಾಕಿ ಉಂಟಂತೆ. ಅಮ್ಮನ ಖಾತೆ ತಮ್ಮನ ಜೊತೆ ಜಾಯಿಂಟ್.

ಸಂಬಳದಲ್ಲಿ ಎಷ್ಟು ಹಿಡಿಯಬಹುದು? ಪಿಂಚಣಿ ಹಿಡಿಯಬಹುದಾ? ಗೊತ್ತಿದ್ದವರು ಹೇಳಿ.

ಉಪ್ಪಳ ಟು ದುಬೈ · ರಾತ್ರಿ 9.24

ಅಕ್ಕಾ, ಮೊದಲು ಸಂಬಳದ ಖಾತೆಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿ. ಸಿಂಪಲ್.

ಕುಂಬ್ಳೆ ಕ್ಯಾಶಿಯರ್ · ರಾತ್ರಿ 9.31

ಸಿಂಪಲ್ ಅಲ್ಲ ತಮ್ಮಾ. ಟೀಚರ ಸಂಬಳ ಬ್ಯಾಂಕಿಗೆ ಬಂದ ಮೇಲೆ ಹಿಡಿದದ್ದಲ್ಲ, ಬಿಲ್ಲಿನಲ್ಲೇ ಹಿಡಿದದ್ದು. ಹೆಡ್ಮಾಷ್ಟ್ರು ಸರಕಾರದ ಸಂಬಳ ಬಿಲ್ಲಿನ ಸಾಫ್ಟ್‌ವೇರ್ ಸ್ಪಾರ್ಕ್‌ನಲ್ಲಿ ರಿಕವರಿ ಎಂದು ಹಾಕಿದರೆ ಖಾತೆಗೆ ಬರುವುದೇ ಕಳೆದು ಉಳಿದದ್ದು. ಯಾವ ಬ್ಯಾಂಕಿಗೆ ಬದಲಾಯಿಸಿದರೂ ಅಷ್ಟೇ ಬರುವುದು.

ನಾನು ಸಹಕಾರಿ ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವ. ಕೌಂಟರಿನ ಆಚೆ ಬದಿಯಲ್ಲಿ ಕೂತವ ಅಂತ ಇಟ್ಟುಕೊಳ್ಳಿ.

ಪೆರ್ಲದ ಅಡಿಕೆ · ರಾತ್ರಿ 9.40

ಟೀಚರೇ, ನಿಮ್ಮನ್ನು ಯಾರೂ ಬೈಯುವುದಿಲ್ಲ. ಈ ಊರಲ್ಲಿ ಸ್ಟಾಫ್ ರೂಮಿನ ಚಹಾಕ್ಕೆ ಸಹಿ ಹಾಕದ ಮಾಷ್ಟ್ರು ಇದ್ದರೆ ತೋರಿಸಿ. ಸರಕಾರಿ ಸಂಬಳ ಇದ್ದವನ ಸಹಿಗೆ ಇಲ್ಲಿ ಒಂದು ಎಕರೆ ಅಡಿಕೆ ತೋಟದಷ್ಟು ಬೆಲೆ.

ವಿದ್ಯಾನಗರದ ಜೂನಿಯರ್ · ರಾತ್ರಿ 10.15

ಟೀಚರೇ, ನಾನು ವಿದ್ಯಾನಗರದ ಕೋರ್ಟಿನಲ್ಲಿ ವಕೀಲೆ, ಆರು ವರ್ಷ ಆಯಿತು. ಎಷ್ಟು ಹಿಡಿಯಬಹುದು ಎಂದು ಕೇಳಿದ್ದೀರಿ. ಅದಕ್ಕೆ ಮೊದಲು ನಾನು ಕೇಳುವುದು, ಯಾವ ಕಾಗದದ ಮೇಲೆ ಹಿಡಿದದ್ದು? ಅದು ಗೊತ್ತಾಗದೆ ಎಷ್ಟು ಎಂದು ಹೇಳಲು ಬರುವುದಿಲ್ಲ.

ಕೋರ್ಟು ಹಿಡಿದದ್ದಾದರೆ ಒಂದು ಲೆಕ್ಕ. ಸಾಲ ಕೊಟ್ಟವರು ದಾವೆ ಹಾಕಿ, ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಆಗಿ, ಅದನ್ನು ಜಾರಿ ಮಾಡುವಾಗ ಕೋರ್ಟು ಸಂಬಳ ಕೊಡುವವರಿಗೆ ಆದೇಶ ಕಳಿಸುತ್ತದೆ. ಆಗ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಬರುತ್ತದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲೂ ಮುಟ್ಟುವ ಹಾಗಿಲ್ಲ. ನಿಮ್ಮ 55,000ದಲ್ಲಿ 1,000 ಕಳೆದರೆ 54,000. ಅದರ ಮೂರನೇ ಒಂದು ಪಾಲು 18,000. ಅಷ್ಟೇ ಹಿಡಿಯಬಹುದು, 37,000 ನಿಮ್ಮದೇ. ಜಪ್ತಿ ಮಾಡಬಾರದು ಎಂದು ಸರಕಾರ ಹೇಳಿದ ಭತ್ಯೆಗಳಿದ್ದರೆ ಅವನ್ನು ಮೊದಲೇ ಬದಿಗಿಡಬೇಕು, ಆಗ 18,000 ಇನ್ನೂ ಇಳಿಯುತ್ತದೆ. ಆದರೆ ನಿಮ್ಮ ಮನೆ ಸಾಲದ ಕಂತನ್ನು ಕೋರ್ಟು ಕಳೆದು ನೋಡುವುದಿಲ್ಲ.

(ಆ 1,000 ಎನ್ನುವುದು 2002ರಿಂದ ಹಾಗೇ ಉಂಟು. ಅದಕ್ಕೆ ಮೊದಲು 400 ಇತ್ತು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ಅಡಿಕೆಯ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು, ಇದು ಮಾತ್ರ ಕದಲಲಿಲ್ಲ.)

ಇನ್ನೊಂದು ರಕ್ಷಣೆ ತುಂಬಾ ಜನಕ್ಕೆ ಗೊತ್ತಿಲ್ಲ. ಒಂದೇ ಡಿಕ್ರಿಗೆ ಸಂಬಳ ಒಟ್ಟು 24 ತಿಂಗಳು ಹಿಡಿದಾದ ಮೇಲೆ ಆ ಡಿಕ್ರಿಗೆ ಮತ್ತೆ ಸಂಬಳ ಮುಟ್ಟುವ ಹಾಗಿಲ್ಲ. ಬೇರೆ ಡಿಕ್ರಿ ಇದ್ದರೂ 12 ತಿಂಗಳು ಬಿಡುವು ಕೊಡಬೇಕು. 24 ತಿಂಗಳು ಮುಗಿದರೂ ಹಿಡಿಯುತ್ತಲೇ ಇದ್ದ ಒಂದು ಪ್ರಕರಣ ನಾನೇ ನೋಡಿದ್ದೇನೆ. ಯಾರೂ ಲೆಕ್ಕ ಇಟ್ಟಿರಲಿಲ್ಲ.

ಆದರೆ ನಿಮಗೆ ಕೋರ್ಟಿನ ನೋಟೀಸು ಬಂದ ಹಾಗೆ ಕಾಣುವುದಿಲ್ಲ. ಬಂದಿತ್ತಾ?

ನೀರ್ಚಾಲು ಟೀಚರ್ · ರಾತ್ರಿ 10.32

ಇಲ್ಲ ಮೇಡಂ. ಮಲಯಾಳದಲ್ಲಿ ಎರಡು ಪತ್ರ ಬಂದಿತ್ತು. ನನಗೆ ಮಾತನಾಡಲು ಬರುತ್ತದೆ, ಓದುವುದು ನಿಧಾನ. ಕಾನೂನಿನ ಮಲಯಾಳ ಅಂತೂ ತಲೆಗೆ ಹೋಗುವುದಿಲ್ಲ. ಡ್ರಾಯರಿನಲ್ಲಿ ಇಟ್ಟಿದ್ದೆ. ಈಗ ತೆಗೆದು ನೋಡಿದೆ, ಚಿಟ್ಟಿಯವರದ್ದೇ ಪತ್ರ. ಕೋರ್ಟಿನ ಸೀಲು ಇಲ್ಲ.

ವಿದ್ಯಾನಗರದ ಜೂನಿಯರ್ · ರಾತ್ರಿ 10.44

ಹಾಗಾದರೆ ನೀವು ಸಹಿ ಹಾಕಿದ ಫಾರಂನಲ್ಲೇ ಒಪ್ಪಿಗೆ ಇರಬೇಕು. ಕಂತು ತಪ್ಪಿದರೆ ನನ್ನ ಸಂಬಳದಿಂದ ಹಿಡಿದು ಕೊಡಲು ಒಪ್ಪಿದ್ದೇನೆ ಅಂತ. ಅದು ಕೋರ್ಟಿನ ಜಪ್ತಿಯಲ್ಲ, ನೀವೇ ಕೊಟ್ಟ ಒಪ್ಪಿಗೆ. ಸಹಕಾರಿ ಸಂಘದ ಸಾಲವಾದರೆ ಇಂಥ ಒಪ್ಪಿಗೆಗೆ 1969ರ ಕೇರಳ ಸಹಕಾರ ಸಂಘಗಳ ಕಾಯ್ದೆಯ 37ನೇ ಸೆಕ್ಷನ್ನಿನ ಬಲವೂ ಉಂಟು. ಒಪ್ಪಿಗೆಯ ಮೇಲೆ ಹಿಡಿಯುವಾಗ 60ನೇ ಸೆಕ್ಷನ್ನಿನ ಮೂರನೇ ಒಂದು ಪಾಲು, 24 ತಿಂಗಳು ಎಲ್ಲ ತಾನಾಗಿ ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ಮೂರನೆಯದು ರೆವೆನ್ಯೂ ರಿಕವರಿ. ಇಲ್ಲಿ ಎಲ್ಲರೂ ಆರ್‌ಆರ್ ಎನ್ನುವುದು. 1968ರ ಕೇರಳದ ಕಾಯ್ದೆ. ಸರಕಾರದ ಬಾಕಿ ವಸೂಲಿಗೆ ಮಾಡಿದ್ದು. ಸರಕಾರ ಅಧಿಸೂಚನೆ ಹೊರಡಿಸಿದರೆ 71ನೇ ಸೆಕ್ಷನ್ನಿನಲ್ಲಿ ಬೇರೆ ಸಂಸ್ಥೆಗಳೂ ಅದನ್ನು ಬಳಸಬಹುದು. ಅದು ಬಂದರೆ ತಾಲೂಕು ಕಚೇರಿಯಿಂದ, ವಿಲ್ಲೇಜ್ ಆಫೀಸಿನ ಮೂಲಕ ಬರುತ್ತದೆ. ನಿಮಗೆ ಅದು ಬಂದಿಲ್ಲ.

ಸೋಮವಾರ ಶಾಲೆಯಲ್ಲಿ ಆ ಫಾರಂನ ಪ್ರತಿ ಕೇಳಿ. ಚಿಟ್ಟಿಯವರ ಬಳಿ ಖಾತೆಯ ಲೆಕ್ಕ ಕೇಳಿ, ಕಂತು, ಬಡ್ಡಿ, ದಂಡ ಬೇರೆ ಬೇರೆಯಾಗಿ. ಎರಡನ್ನೂ ಬರೆದೇ ಕೇಳಿ.

ಪೆರ್ಲದ ಅಡಿಕೆ · ರಾತ್ರಿ 10.50

ಕನ್ನಡದಲ್ಲೇ ಬರೆಯಿರಿ ಟೀಚರೇ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಕೇಳುತ್ತಿರುವುದೇ ಅದು. ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳಬೇಕು. ಸಂವಿಧಾನದ 350ನೇ ವಿಧಿಯಲ್ಲೇ ಉಂಟು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಕೊಡಬಹುದು. ಖಾಸಗಿ ಚಿಟ್ಟಿಯವನಿಗೆ ಅದು ಅನ್ವಯಿಸುವುದಿಲ್ಲ, ಅದು ಬೇರೆ ಮಾತು.

ಆಡ್ಮಿನ್ · ರಾತ್ರಿ 11.02

ಎರಡು ಕಾಮೆಂಟು ತೆಗೆದಿದ್ದೇನೆ. ಚಿಟ್ಟಿ ಕಂಪನಿಯ ಹೆಸರು, ಮ್ಯಾನೇಜರರ ಫೋನ್ ನಂಬರು ಇಲ್ಲಿ ಬೇಡ. ಭಾಷೆಯ ಚರ್ಚೆಗೆ ಬೇರೆ ಎಳೆ ಉಂಟು, ಅಲ್ಲಿ ಮುಂದುವರಿಸಿ ಪೆರ್ಲದವರೇ.

ನಿವೃತ್ತ ಹೆಡ್ಮಾಷ್ಟ್ರು · ಭಾನುವಾರ, ಬೆಳಿಗ್ಗೆ 6.20

ಟೀಚರೇ, ನಿಮ್ಮ ಜೊತೆ ಸಹಿ ಹಾಕಿದ ಮಾಷ್ಟ್ರ ಮೇಲೆ ಯಾಕೆ ಯಾರೂ ಹೋಗಲಿಲ್ಲ ಎಂದು ಯೋಚಿಸಿದ್ದೀರಾ? ಅವರಿಗೆ ಈಗ ಇರುವುದು ಪಿಂಚಣಿ. ಅದೇ 60ನೇ ಸೆಕ್ಷನ್ನಿನಲ್ಲಿ ಸರಕಾರಿ ಪಿಂಚಣಿ, ಗ್ರಾಚುಟಿ ಜಪ್ತಿ ಮಾಡುವ ಹಾಗಿಲ್ಲ. ಪಿಎಫ್ ಕೂಡ ಹಾಗೆಯೇ. ಗ್ರಾಚುಟಿಯ ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೂ ಅದು ಗ್ರಾಚುಟಿಯೇ, ಮುಟ್ಟಬಾರದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಸಾಲ ಕೊಟ್ಟವರು ರಿಟೈರ್ಡ್ ಆದವನನ್ನು ಬಿಟ್ಟು ಸರ್ವಿಸಿನಲ್ಲಿ ಇದ್ದವನನ್ನು ಹಿಡಿಯುತ್ತಾರೆ. ಹಸು ಹಾಲು ಕೊಡುವಾಗಲೇ ಕರೆಯುವುದು.

ನನ್ನದೂ ಒಂದು ಕಥೆ ಉಂಟು. ರಿಟೈರ್ಡ್ ಆಗುವ ವರ್ಷ ಆಡಿಟಿನವರು ನನ್ನ ಹಳೆಯ ಇಂಕ್ರಿಮೆಂಟ್ ತಪ್ಪು ಎಂದರು. 11 ವರ್ಷದಿಂದ ಜಾಸ್ತಿ ಕೊಟ್ಟಿದ್ದಾರಂತೆ, 1,38,000 ವಾಪಸು ಕೊಡಬೇಕಂತೆ. ತಪ್ಪು ಮಾಡಿದ್ದು ಕಚೇರಿ, ಕಟ್ಟಬೇಕಾದದ್ದು ನಾನು. ಗ್ರಾಚುಟಿ ತಡೆದರು. ಇಂಥದ್ದಕ್ಕೆ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಪ್ರಕರಣದಲ್ಲಿ ಒಂದು ಪಟ್ಟಿ ಕೊಟ್ಟಿತ್ತು. ಮೂರನೆಯ, ನಾಲ್ಕನೆಯ ದರ್ಜೆಯ ನೌಕರರು, ರಿಟೈರ್ಡ್ ಆದವರು, ಒಂದು ವರ್ಷದೊಳಗೆ ಆಗುವವರು, ಐದು ವರ್ಷಕ್ಕಿಂತ ಹಳೆಯ ತಪ್ಪು, ಇಂಥವರಿಂದ ವಸೂಲಿ ಮಾಡಬಾರದು. ಅದನ್ನು ಹಿಡಿದುಕೊಂಡು ಓಡಾಡಿದೆ. ಅಷ್ಟರಲ್ಲಿ ಅವರು ನನ್ನದೇ ಒಂದು ಕಾಗದ ತೆಗೆದರು. ಜಾಸ್ತಿ ಬಂದರೆ ಹಿಂದೆ ಕೊಡುತ್ತೇನೆ ಎಂದು ವೇತನ ಪರಿಷ್ಕರಣೆಯ ಸಮಯದಲ್ಲಿ ಬರೆದುಕೊಟ್ಟ ಮುಚ್ಚಳಿಕೆ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಅಂಥ ಮುಚ್ಚಳಿಕೆ ಕೊಟ್ಟವರಿಂದ ವಸೂಲಿ ಮಾಡಬಹುದು ಎಂದಾಗಿದೆ. ಕೊನೆಗೆ ಕಂತಿನಲ್ಲಿ ಕಟ್ಟಿದೆ.

41 ಮಕ್ಕಳ ಉತ್ತರ ಪತ್ರಿಕೆ ಸಾಲು ಸಾಲು ಓದಿ ಮಾರ್ಕು ಹಾಕಿದವ ನಾನು. ನನ್ನ ಮುಚ್ಚಳಿಕೆ ಓದಿರಲಿಲ್ಲ.

ಉಪ್ಪಳ ಟು ದುಬೈ · ಬೆಳಿಗ್ಗೆ 8.05

ಮಾಷ್ಟ್ರೇ, ಕೊನೆಯ ಸಾಲು ಓದಿ ನಗು ಬಂತು. ಕ್ಷಮಿಸಿ.

ನಿವೃತ್ತ ಹೆಡ್ಮಾಷ್ಟ್ರು · ಬೆಳಿಗ್ಗೆ 8.11

ನಗಿ ಮಾರಾಯ್ರೇ. ನನಗೂ ಈಗ ನಗುವೇ ಬರುವುದು.

ಬೀಡಿ ಮನೆ · ಬೆಳಿಗ್ಗೆ 9.30

ನಾನು ಮಂಜೇಶ್ವರ ಕಡೆಯವಳು. ಅಮ್ಮ ಬೀಡಿ ಕಟ್ಟುವವರು. ನಮ್ಮಲ್ಲಿ ಸಂಬಳ ಸರ್ಟಿಫಿಕೇಟು ಇಲ್ಲ, ಆದರೆ ವಾರದ ಸಾಲ ಉಂಟು. ಹತ್ತು ಹೆಂಗಸರು ಒಂದು ಗುಂಪು. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಹಾಕಿ ಕಟ್ಟಬೇಕು, ಇಲ್ಲದಿದ್ದರೆ ವಸೂಲಿಗೆ ಬರುವ ಹುಡುಗ ಮನೆ ಬಾಗಿಲಿನಲ್ಲೇ ಕೂರುತ್ತಾನೆ. ಹೋದ ವಾರ ಅಮ್ಮನಿಗೆ ಹೇಳಿದ್ದಾನೆ, ಬೀಡಿ ಕಂಟ್ರಾಕ್ಟರಿಗೆ ಹೇಳಿ ನಿಮ್ಮ ಕೂಲಿಯಲ್ಲೇ ಹಿಡಿಸುತ್ತೇನೆ, ಪೊಲೀಸರನ್ನೂ ಕಳಿಸುತ್ತೇನೆ ಅಂತ. ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಹಿಡಿಸಬಹುದಾ?

ವಿದ್ಯಾನಗರದ ಜೂನಿಯರ್ · ಬೆಳಿಗ್ಗೆ 10.02

ಇಲ್ಲ. ಅಮ್ಮನಿಗೆ ಇವತ್ತೇ ಹೇಳಿ.

ಕೂಲಿಯವರ ಕೂಲಿಯನ್ನು ಕೋರ್ಟು ಕೂಡ ಜಪ್ತಿ ಮಾಡುವ ಹಾಗಿಲ್ಲ. ಅದೇ 60ನೇ ಸೆಕ್ಷನ್. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕಸುಬಿನ ಸಲಕರಣೆ ಕೂಡ ಹಾಗೆಯೇ. ಕೋರ್ಟಿಗೇ ಆಗದ್ದನ್ನು ಕಲೆಕ್ಷನ್ ಹುಡುಗ ಮಾಡಲು ಆಗುತ್ತದಾ?

ಪೊಲೀಸರ ವಿಷಯ. ಸಾಲ ಕಟ್ಟಲು ಆಗದ್ದು ಅಪರಾಧ ಅಲ್ಲ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗೆಯೇ ಇಲ್ಲ, ಅದೇ ಸಂಹಿತೆಯ 56ನೇ ಸೆಕ್ಷನ್. ಗಂಡಸರನ್ನು ಕೂಡ ಬಡತನದಿಂದ ಕಟ್ಟಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಜೈಲಿಗೆ ಹಾಕಬಾರದು. ಇದು ನಮ್ಮ ಕೇರಳದಿಂದಲೇ ಹೋದ ಪ್ರಕರಣ, ಜಾಲಿ ಜಾರ್ಜ್ ವರ್ಗೀಸ್, 1980. ತೀರ್ಪು ಬರೆದದ್ದು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಇರುವ ಹಣವನ್ನು ಅಡಗಿಸಿಟ್ಟು ಕಟ್ಟದಿದ್ದರೆ ಬೇರೆ.

ಆ ಹುಡುಗ ಮತ್ತೆ ಬಂದರೆ ಹೇಳಿದ್ದನ್ನು ಬರೆದು ಕೊಡು ಎಂದು ಕೇಳಿ. ಕೊಡುವುದಿಲ್ಲ, ನೋಡಿ.

ಬೀಡಿ ಮನೆ · ಬೆಳಿಗ್ಗೆ 10.20

ಓದಿ ಹೇಳಿದೆ ಮೇಡಂ. ಅಮ್ಮ ಮೊದಲು ಕೇಳಿದ್ದು, ಆ ವಕೀಲೆಗೆ ಫೀಸು ಎಷ್ಟು ಕೊಡಬೇಕು ಅಂತ.

ಕುಂಬ್ಳೆ ಕ್ಯಾಶಿಯರ್ · ಬೆಳಿಗ್ಗೆ 11.15

ಎಲ್ಲರೂ ಸಾಲ ಕೊಟ್ಟವನಿಗೇ ಹೊಡೆಯುತ್ತಿದ್ದೀರಿ. ನಾನು ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡಿ.

ನಮ್ಮ ಬ್ಯಾಂಕಿನಲ್ಲಿ ಠೇವಣಿ ಇಟ್ಟವರಲ್ಲಿ ಹೆಚ್ಚಿನವರು ಮಗಳ ಮದುವೆಗೆ, ಮುಪ್ಪಿಗೆ ಎಂದು ಇಟ್ಟವರು. ಸಾಲ ತೆಗೆದವ ಕಟ್ಟದಿದ್ದರೆ ಅವರ ಹಣ ಎಲ್ಲಿಂದ ಕೊಡುವುದು? ಜಾಮೀನುದಾರನ ಹೊಣೆ ಸಾಲಗಾರನಷ್ಟೇ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್. ಮೊದಲು ಅವನನ್ನು ಹಿಡಿ, ಸಿಗದಿದ್ದರೆ ಮಾತ್ರ ನನ್ನ ಹತ್ತಿರ ಬಾ ಎಂದು ಹೇಳಲು ಬರುವುದಿಲ್ಲ. ನಾನೇ ಎಷ್ಟು ಜನಕ್ಕೆ ಸಹಿ ಹಾಕುವ ಮೊದಲು ಹೇಳಿದ್ದೇನೆ. ಅಯ್ಯೋ ಅವರು ನಮ್ಮ ಪೈಕಿಯವರೇ ಸಾರ್ ಎನ್ನುತ್ತಿದ್ದರು.

ಇನ್ನು ಅಮ್ಮನ ಖಾತೆ. ಬಾಕಿ ಸಾಲಕ್ಕೆ ಲಿಯನ್ (ಖಾತೆಯ ಹಣ ತೆಗೆಯದ ಹಾಗೆ ತಡೆ) ಹಾಕುವುದು ಕಂಪ್ಯೂಟರು. ಕಂಪ್ಯೂಟರಿಗೆ ಇದು ಪಿಂಚಣಿ ಹಣ, ಇದು ಅಡಿಕೆ ಮಾರಿದ ಹಣ ಎಂಬ ಭೇದ ಇಲ್ಲ. ಗ್ರಾಹಕನ ಬಾಕಿಗೆ ಕೈಯಲ್ಲಿರುವ ಅವನ ಸೊತ್ತನ್ನು ತಡೆದಿಟ್ಟುಕೊಳ್ಳುವ ಹಕ್ಕು ಬ್ಯಾಂಕಿಗೆ ಅದೇ ಕಾಯ್ದೆಯ 171ನೇ ಸೆಕ್ಷನ್ನಿನಲ್ಲಿ ಉಂಟು.

ಪೆರ್ಲದ ಅಡಿಕೆ · ಬೆಳಿಗ್ಗೆ 11.48

ಕಂಪ್ಯೂಟರಿಗೆ ಭೇದ ಇಲ್ಲ ನಿಜ. ಮನುಷ್ಯನಿಗೆ ಬೇಡವಾ?

2024ರ ಜುಲೈ 30ಕ್ಕೆ ವಯನಾಡಿನ ಮುಂಡಕೈ, ಚೂರಲ್ಮಲದಲ್ಲಿ ಗುಡ್ಡ ಜರಿದದ್ದು ನೆನಪಿದೆಯಲ್ಲ? ಮನೆ ಹೋಯಿತು, ಜನ ಹೋದರು. ಉಳಿದವರ ಖಾತೆಗೆ ಸರಕಾರ ತುರ್ತು ಸಹಾಯ ಎಂದು 10,000 ಹಾಕಿತು. ಬ್ಯಾಂಕು ಅದರಿಂದ ಸಾಲದ ಕಂತು ಕಡಿಯಿತು! ಅಲ್ಲಿಯೂ ಇದೇ ಕಂಪ್ಯೂಟರು. ಜನ ಬ್ಯಾಂಕಿನ ಮುಂದೆ ಕೂತು ಗಲಾಟೆ ಮಾಡಿದ ಮೇಲೆ, ಮುಖ್ಯಮಂತ್ರಿ ಮಾತನಾಡಿದ ಮೇಲೆ, ಆಗಸ್ಟಿನಲ್ಲಿ ರಾಜ್ಯದ ಬ್ಯಾಂಕುಗಳ ಸಮಿತಿ ಸೇರಿ ಕಡಿದದ್ದನ್ನು ಹಿಂದೆ ಹಾಕಿ ಎಂದಿತು. ಹಾಕಿದರು. ಅಂದರೆ ಹಾಕಲು ಬರುತ್ತದೆ. ಕಂಪ್ಯೂಟರು ಬೇಡ ಎನ್ನಲಿಲ್ಲ.

ನಮ್ಮ ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಕಾಯಿಲೆ ಬಿದ್ದ ಮಕ್ಕಳ ಮನೆಗಳಿಗೆ ಬನ್ನಿ. ತಲಾ 5 ಲಕ್ಷ ಪರಿಹಾರ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತ್ತು. ಅದು ಬರಲು ಎಷ್ಟು ವರ್ಷ ಬೇಕಾಯಿತು ಎಂದು ಅವರನ್ನೇ ಕೇಳಿ. ಮಗುವಿನ ಮದ್ದಿಗೆ ಮಾಡಿದ ಸಾಲದ ನೋಟೀಸು ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. ಸರಕಾರ ಅವರ ಸಾಲಕ್ಕೆ ಮೊರಟೋರಿಯಂ (ವಸೂಲಿಗೆ ತಡೆ) ಕೊಟ್ಟದ್ದು ಆಮೇಲಿನ ಮಾತು.

ವಿಟ್ಲದಿಂದ · ಮಧ್ಯಾಹ್ನ 12.30

ಗಡಿಯ ಈಚೆಯೂ ಇದೇ. ಕರ್ನಾಟಕದಲ್ಲಿ ಬರ ಪರಿಹಾರ, ಗೃಹಲಕ್ಷ್ಮಿಯ 2,000 ಎಲ್ಲ ಸಾಲಕ್ಕೆ ಜಮೆ ಮಾಡಿಕೊಂಡರು ಎಂದು ಪೇಪರಿನಲ್ಲಿ ಬಂದದ್ದುಂಟು. ಹಾಗೆ ಮಾಡಬೇಡಿ ಎಂದು ಸರಕಾರ ಬ್ಯಾಂಕುಗಳಿಗೆ ಹೇಳಬೇಕಾಯಿತು.

ಕುಂಬ್ಳೆ ಕ್ಯಾಶಿಯರ್ · ಮಧ್ಯಾಹ್ನ 1.05

ವಯನಾಡಿನದ್ದು ತಪ್ಪೇ. ಅದನ್ನು ಸರಿ ಎಂದು ನಾನು ಹೇಳಲಿಲ್ಲ. ಕೌಂಟರಿನಲ್ಲಿ ಕೂತವನಿಗೆ ಲಿಯನ್ ತೆಗೆಯುವ ಅಧಿಕಾರ ಇರುವುದಿಲ್ಲ, ಮ್ಯಾನೇಜರಿಗೆ ಇರುತ್ತದೆ. ಟೀಚರು ಅವರ ಹತ್ತಿರ ಬರೆದು ಕೊಟ್ಟು ಕೇಳಬೇಕು. ಬಾಯಿಯಲ್ಲಿ ಕೇಳಿದರೆ ಬಾಯಿಯಲ್ಲೇ ಉತ್ತರ ಸಿಗುತ್ತದೆ.

ವಿದ್ಯಾನಗರದ ಜೂನಿಯರ್ · ಮಧ್ಯಾಹ್ನ 2.40

ಕ್ಯಾಶಿಯರ್ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. 171ನೇ ಸೆಕ್ಷನ್ ಉಂಟು. ಆದರೆ ಯಾರ ಸಾಲವೋ ಅವರ ಹಣವಾಗಬೇಕು. ಸಾಲ ಮಗನೊಬ್ಬನದ್ದು, ಖಾತೆ ತಾಯಿ ಮಗ ಇಬ್ಬರದ್ದು, ಅದಕ್ಕೆ ಬೀಳುವ ಹಣ ತಾಯಿಯದ್ದು. ಹಾಗಿರುವಾಗ ಒಬ್ಬನ ಸಾಲಕ್ಕೆ ಇಬ್ಬರ ಖಾತೆ ತಡೆಯುವುದು ಸರಿಯಲ್ಲ. ಅಮ್ಮ ಆಟೋ ಸಾಲಕ್ಕೆ ಜಾಮೀನು ಹಾಕಿರಬಾರದು, ಅಷ್ಟೇ. ಅದನ್ನು ಖಚಿತ ಮಾಡಿಕೊಳ್ಳಿ.

ಪಿಂಚಣಿಗೆ ಇನ್ನೊಂದು ಹಳೆಯ ಕಾಯ್ದೆ ಉಂಟು, 1871ರ ಪಿಂಚಣಿ ಕಾಯ್ದೆ. ಬ್ರಿಟಿಷರ ಕಾಲದ್ದು. ಅದರ 11ನೇ ಸೆಕ್ಷನ್ನಿನಲ್ಲಿ ಸರ್ವಿಸ್ ಪಿಂಚಣಿ ಮಾತ್ರ ಅಲ್ಲ, ಈಗಿನ ಅಶಕ್ತತೆಗೆ ಎಂದು ಅಥವಾ ಕನಿಕರದಿಂದ ಸರಕಾರ ಕೊಡುವ ಹಣವನ್ನೂ ಯಾವ ಕೋರ್ಟಿನ ಆದೇಶದಿಂದಲೂ ಹಿಡಿಯಬಾರದು ಎಂದಿದೆ. ವೃದ್ಧಾಪ್ಯ ಪಿಂಚಣಿ ಅದರೊಳಗೆ ಬರುತ್ತದೆ ಎಂದು ನಾನು ವಾದ ಮಾಡುತ್ತೇನೆ. ತೊಡಕು ಏನೆಂದರೆ, ಅದು ಕೋರ್ಟಿಗೆ ಹಾಕಿದ ಬೇಲಿ. ಬ್ಯಾಂಕು ಕೋರ್ಟಲ್ಲ. ಕೋರ್ಟಿಗೆ ನೂರು ಬೇಲಿ ಹಾಕಿದ ಕಾನೂನು ಬ್ಯಾಂಕಿನ ಕಂಪ್ಯೂಟರಿನ ಒಂದು ಬಟನಿಗೆ ಬೇಲಿ ಹಾಕಲು ಮರೆತ ಹಾಗೆ ಉಂಟು.

ಮ್ಯಾನೇಜರಿಗೆ ಪತ್ರ ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸಿಲ್ಲ. 14448ಕ್ಕೆ ಫೋನ್ ಮಾಡಿ ಕೇಳಬಹುದು. ಊರಿನ ಸಹಕಾರಿ ಸಂಘಗಳು ಅದರೊಳಗೆ ಬರುವುದಿಲ್ಲ, ನಿಮ್ಮದು ದೊಡ್ಡ ಬ್ಯಾಂಕಾದರೆ ಆಗುತ್ತದೆ.

ಇನ್ನು ನಿಮ್ಮ ಚಿಟ್ಟಿ. ನೀವು ಕಟ್ಟಿದ ಪ್ರತಿ ರೂಪಾಯಿಯನ್ನೂ ಆ ಟೀಚರಿಂದ ಕೇಳುವ ಹಕ್ಕು ನಿಮಗೆ ಉಂಟು, ಕರಾರು ಕಾಯ್ದೆಯ 145ನೇ ಸೆಕ್ಷನ್. ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಆದ್ದರಿಂದ ಸಂಬಳದ ಸ್ಲಿಪ್ಪು ಒಂದೂ ಬಿಸಾಡಬೇಡಿ. ಮತ್ತೆ 146ನೇ ಸೆಕ್ಷನ್. ಜಾಮೀನು ಇಬ್ಬರದ್ದಾದರೆ ಹೊರೆಯೂ ಅರ್ಧ ಅರ್ಧ. ಚಿಟ್ಟಿಯವರಿಗೆ ಮಾಷ್ಟ್ರ ಪಿಂಚಣಿ ಮುಟ್ಟಲು ಆಗದಿರಬಹುದು. ಅದರಿಂದ ಮಾಷ್ಟ್ರ ಹೊಣೆ ಹೋಗಲಿಲ್ಲ. ನೀವು ಅವರ ಬಳಿ ಅರ್ಧ ಕೇಳಬಹುದು.

ನೀರ್ಚಾಲು ಟೀಚರ್ · ಮಧ್ಯಾಹ್ನ 3.15

ಅವರ ಬಳಿ ಕೇಳುವುದಾ? ಅವರು ನನಗೆ ಏಳನೇ ಕ್ಲಾಸಿನಲ್ಲಿ ಪಾಠ ಮಾಡಿದವರು.

ನಿವೃತ್ತ ಹೆಡ್ಮಾಷ್ಟ್ರು · ಮಧ್ಯಾಹ್ನ 3.22

ಕೇಳಿ ಮಗಾ. ಪಾಠ ಮಾಡಿದವರಿಗೆ ಲೆಕ್ಕವೂ ಗೊತ್ತಿರುತ್ತದೆ.

ಉಪ್ಪಳ ಟು ದುಬೈ · ಮಧ್ಯಾಹ್ನ 3.40

ಒಂದು ಡೌಟು. ಹೆಂಡತಿಗೆ ಜೀವನಾಂಶ ಕೊಡದಿದ್ದರೂ ಮೂರನೇ ಒಂದು ಪಾಲೇ ಹಿಡಿಯುವುದಾ? ಸ್ನೇಹಿತನಿಗೆ ಕೇಳುವುದು.

ವಿದ್ಯಾನಗರದ ಜೂನಿಯರ್ · ಮಧ್ಯಾಹ್ನ 4.00

ಸ್ನೇಹಿತನಿಗೆ ಹೇಳಿ, ಅದಕ್ಕೆ ಲೆಕ್ಕ ಉಲ್ಟಾ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರರಲ್ಲಿ ಎರಡು ಪಾಲು ಹಿಡಿಯಬಹುದು, ಒಂದು ಪಾಲು ಮಾತ್ರ ಅವನಿಗೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಜೀವನಾಂಶ ಕಟ್ಟದಿದ್ದರೆ ಜೈಲೂ ಉಂಟು.

ಪೆರ್ಲದ ಅಡಿಕೆ · ಮಧ್ಯಾಹ್ನ 4.04

ಸ್ನೇಹಿತ ಆಫ್‌ಲೈನ್ ಹೋದ.

ನೀರ್ಚಾಲು ಟೀಚರ್ · ಮಂಗಳವಾರ, ಸಂಜೆ 6.50

ಫಾರಂ ಸಿಕ್ಕಿತು. ಮೇಡಂ ಹೇಳಿದ ಹಾಗೆಯೇ ಉಂಟು. ಸಂಬಳದಿಂದ ಹಿಡಿಯಲು ಒಪ್ಪಿದ್ದೇನೆ, ಸಾಲಗಾರರಿಗೆ ಸಮಯ ಕೊಟ್ಟರೂ ನನ್ನ ತಕರಾರಿಲ್ಲ ಎಂದೆಲ್ಲ ನಾನೇ ಬರೆದುಕೊಟ್ಟ ಹಾಗೆ. ಕೆಳಗೆ ನನ್ನದೇ ಸಹಿ, ಚಹಾದ ಕಲೆ ಸಮೇತ.

ಲೆಕ್ಕವೂ ಬಂತು. ಬಾಕಿ ಕಂತು 28, ಅಂದರೆ 2,80,000. ಅವರು ಕೇಳುತ್ತಿರುವುದು 3,42,000. ದಂಡಬಡ್ಡಿಯೇ 62,000.

ಬ್ಯಾಂಕಿನಲ್ಲಿ ಬೇರೆಯೇ ಆಯಿತು. ಅಮ್ಮ ಜಾಮೀನು ಹಾಕಿಲ್ಲ ಎಂದು ನಾನು ಜೋರಾಗಿ ಹೇಳಿದೆ. ಮ್ಯಾನೇಜರ್ ಫೈಲು ತೆಗೆದು ತೋರಿಸಿದರು. ಅಮ್ಮನ ಸಹಿ ಉಂಟು. ಮನೆಗೆ ಬಂದು ಕೇಳಿದೆ. ಅಮ್ಮ ಹೇಳಿದ್ದು, ಅವನು ಆಟೋ ತರುತ್ತೇನೆ ಎಂದ, ಹಾಕಿದೆ, ನೀನು ಮಾತ್ರ ಯಾರ್ಯಾರಿಗೋ ಹಾಕಬಹುದಾ ಅಂತ. ನನಗೆ ಬಾಯಿ ಬರಲಿಲ್ಲ.

ವಿದ್ಯಾನಗರದ ಜೂನಿಯರ್ · ಸಂಜೆ 7.30

ಹಾಗಾದರೆ ಜಾಯಿಂಟ್ ಖಾತೆಯ ವಾದ ಬಿದ್ದು ಹೋಯಿತು. ಹಕ್ಕು ಎಂದು ಕೇಳುವುದಕ್ಕಿಂತ ಇದು ಪಿಂಚಣಿಯ ಹಣ, ಬೇರೆ ಯಾವ ಹಣವೂ ಈ ಖಾತೆಗೆ ಬಂದಿಲ್ಲ ಎಂದು ಪಾಸ್‌ಬುಕ್ಕಿನ ಪ್ರತಿ ಇಟ್ಟು ಕೇಳಿ. ವಯನಾಡಿನ ಉದಾಹರಣೆ ಬರೆಯಿರಿ. ಜೊತೆಗೆ ಪಂಚಾಯತಿನಲ್ಲಿ ವಿಚಾರಿಸಿ. ಸಹಕಾರಿ ಸಂಘದವರು ತುಂಬಾ ಜನಕ್ಕೆ ಪಿಂಚಣಿಯನ್ನು ಮನೆಗೇ ತಂದು ಕೈಗೆ ಕೊಡುತ್ತಾರಲ್ಲ, ಅಮ್ಮನದ್ದನ್ನೂ ಹಾಗೆ ಮಾಡಿಸಲು ಬರುತ್ತದಾ ಅಂತ.

ಚಿಟ್ಟಿಗೆ ಲೋಕ ಅದಾಲತ್ತು ಒಳ್ಳೆಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಬೀಡಿ ಮನೆಯವರಿಗೂ ಇದೇ ಉತ್ತರ. ಸಹಾಯವಾಣಿ 15100. ದಾವೆ ಆಗುವ ಮೊದಲೇ ಅಲ್ಲಿ ರಾಜಿ ಮಾಡಬಹುದು. ಒಂದು ಎಚ್ಚರ, ಅದಾಲತ್ತಿನ ತೀರ್ಪಿಗೆ ಅಪೀಲು ಇಲ್ಲ. ಲೆಕ್ಕ ಸರಿಯಾಗಿ ನೋಡಿಯೇ ಸಹಿ ಹಾಕಿ.

ಕುಂಬ್ಳೆ ಕ್ಯಾಶಿಯರ್ · ಸಂಜೆ 7.52

ದಂಡಬಡ್ಡಿ ಬಿಡಿಸಿಕೊಳ್ಳಿ ಟೀಚರೇ. ಅದಾಲತ್ತಿಗೆ ಬರುವವರು ಅದನ್ನು ಬಿಡಲು ತಯಾರಾಗಿಯೇ ಬರುತ್ತಾರೆ. ಮೊದಲ ಹತ್ತು ನಿಮಿಷ ಆಗುವುದಿಲ್ಲ ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ.

ನೀರ್ಚಾಲು ಟೀಚರ್ · ಎರಡು ತಿಂಗಳ ನಂತರ, ಭಾನುವಾರ

ಏನಾಯಿತು ಎಂದು ಕೆಲವರು ಮೆಸೇಜು ಮಾಡಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಅದಾಲತ್ತಿನಲ್ಲಿ ಒಟ್ಟು 2,90,000ಕ್ಕೆ ಮುಗಿಯಿತು. ಕ್ಯಾಶಿಯರ್ ಅಣ್ಣ ಹೇಳಿದ ಹತ್ತು ನಿಮಿಷ ನನ್ನ ಪಾಲಿಗೆ ಇಪ್ಪತ್ತೈದು ನಿಮಿಷ ಆಯಿತು. ಐದು ತಿಂಗಳಲ್ಲಿ ಹಿಡಿದ 60,000 ಕಳೆದು 2,30,000 ಬಾಕಿ. ತಿಂಗಳಿಗೆ 10,000ದ ಹಾಗೆ 23 ಕಂತು, ಮತ್ತೆ ಬಡ್ಡಿ ಇಲ್ಲ.

ಮಾಷ್ಟ್ರ ಮನೆಗೆ ಹೋಗಿದ್ದೆ. ಹೇಗೆ ಶುರು ಮಾಡುವುದು ಎಂದು ಗೊತ್ತಾಗದೆ ಅರ್ಧ ಗಂಟೆ ಮಳೆ, ಅಡಿಕೆ ಕೊಳೆರೋಗ ಎಂದು ಮಾತನಾಡಿದೆ. ಕೊನೆಗೆ ಅವರೇ ಕೇಳಿದರು, ಆ ಚಿಟ್ಟಿ ಏನಾಯಿತು ಅಂತ. ನನ್ನ ಸಂಬಳ ಹಿಡಿಯುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ತಿಂಗಳಿಗೆ 5,000 ಅವರು ಕೊಡುತ್ತಾರೆ. ಮೊದಲ ತಿಂಗಳು ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆದು ಕೊಟ್ಟರು.

ಅಮ್ಮನ 6,400 ಬ್ಯಾಂಕಿನವರು ಬಿಟ್ಟರು. ಪತ್ರ ಕೊಟ್ಟು 19ನೇ ದಿನಕ್ಕೆ. ಸಾಲ ಹಾಗೇ ಉಂಟು, ತಮ್ಮ ಆಟೋ ಮಾರಲು ನೋಡುತ್ತಿದ್ದಾನೆ. ಪಿಂಚಣಿ ಮನೆಗೆ ಬರುವ ಹಾಗೆ ಮಾಡಲು ಪಂಚಾಯತಿನಲ್ಲಿ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಆಗಲಿಲ್ಲ.

ಆ ಟೀಚರ್ ಫೋನ್ ಮಾಡಿದ್ದರು. ಅತ್ತರು. ನಾನು ಬೈಯಬೇಕೆಂದು ಎಷ್ಟೋ ಮಾತು ಕೂಡಿಸಿ ಇಟ್ಟಿದ್ದೆ, ಒಂದೂ ಬರಲಿಲ್ಲ. ಆದರೆ ಸ್ಲಿಪ್ಪುಗಳನ್ನೆಲ್ಲ ಫೈಲು ಮಾಡಿ ಇಟ್ಟಿದ್ದೇನೆ ಮೇಡಂ.

ಬೀಡಿ ಮನೆ · ಭಾನುವಾರ, ರಾತ್ರಿ 8.15

ಒಳ್ಳೆಯದಾಯಿತು ಅಕ್ಕಾ. ನಮ್ಮಲ್ಲಿ ಆ ಹುಡುಗ ಬರೆದು ಕೊಡು ಎಂದ ಮೇಲೆ ಬಾಗಿಲಿನಲ್ಲಿ ಕೂರುವುದನ್ನು ನಿಲ್ಲಿಸಿದ್ದಾನೆ. ಗೇಟಿನ ಹೊರಗೆ ನಿಂತು ಕೇಳುತ್ತಾನೆ. ಕಂತು ಕಟ್ಟುತ್ತಾ ಇದ್ದೇವೆ.

ಒಂದು ಕೇಳಲಾ? ನನಗೆ ಅಂಗನವಾಡಿಯಲ್ಲಿ ಕೆಲಸ ಆಯಿತು. ಮಾವನ ಮಗ ನಾಳೆ ಒಂದು ಕಾಗದ ತರುತ್ತಾನಂತೆ, ಸಹಿ ಬೇಕಂತೆ.

ನೀರ್ಚಾಲು ಟೀಚರ್ · ರಾತ್ರಿ 8.19

ಫೋಟೋ ತೆಗೆದು ಕಳಿಸು.

ಬೀಡಿ ಮನೆ · ರಾತ್ರಿ 8.21

ಪೂರ್ತಿ ಮಲಯಾಳದಲ್ಲಿ ಉಂಟಂತೆ. ನಾಲ್ಕು ಪುಟ.

ನೀರ್ಚಾಲು ಟೀಚರ್ · ರಾತ್ರಿ 8.22

ಇರಲಿ. ನಾಲ್ಕೂ ಕಳಿಸು. ಈಗ ನನಗೆ ಆ ಮಲಯಾಳ ಓದಲು ಬರುತ್ತದೆ.